ಇಂಜಿನ್ ಬಿಸಿ ಸೂಚಿಸುವ ಕೆಂಪು ದೀಪದವರ ಸನ್ನಿಧಾನಕ್ಕೆ

ಮಾನ್ಯ ಕೆಂಪು ದೀಪದವರೇ,

ನಮ್ಮ ಮನೆಯವರೆಲ್ಲರ ಸಾದರ ನಮಸ್ಕಾರಗಳು. ನಿನ್ನೆ ಬೆಳಗ್ಗೆ ಅರಕಲಗೂಡಿಗೆ ಸ್ವಲ್ಪ ಮುಂಚಿನ ಏರಿನಲ್ಲಿ ತಾವು ನಮ್ಮ ಪಿಕಪ್ ಗಾಡಿಯ ಡ್ಯಾಶ್‌ಬೋರ್ಡಿನಲ್ಲಿ ಮತ್ತೊಮ್ಮೆ ಬೆಳಗಿದಿರಿ. ಈ ಸಂಗತಿಯನ್ನು, ದನಗಳಿಗೆ ಹಿಂಡಿ ತರಲು ಗಾಡಿ ಓಡಿಸಿಕೊಂಡು ಹೋಗಿದ್ದ ನನ್ನ ಪತ್ನಿ ಸ್ನೇಹಲತಾ ಫೋನ್ ಮಾಡಿ ತಿಳಿಸಿದಳು.

ಇಂಜಿನ್ ಕಾದಿದೆ ಎಂದು ಎಚ್ಚರಿಸುವುದು ತಮ್ಮ ಕರ್ತವ್ಯ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಗುರುವಾರ ರಾಮನಾಥಪುರದ ಹರಾಜಿನಲ್ಲಿ ನಮ್ಮ ಹೊಗೆಸೊಪ್ಪಿನ ಸರದಿ ಇದೆ. ಅದು ತಪ್ಪಿದರೆ ಸೊಪ್ಪು ಕಟ್ಟಿಟ್ಟ ಬೇಲ್‌ಗಳು ಇನ್ನೊಂದು ಸರದಿ ಬರುವವರೆಗೆ ಮನೆಯಲ್ಲೇ ಬಿದ್ದು ಥಂಡಿ ಹಿಡಿಯುತ್ತವೆ. ಬಾಡಿಗೆ ಗಾಡಿಗಳನ್ನು ಊರಿನವರೆಲ್ಲ ಮೊದಲೇ ಗೊತ್ತು ಮಾಡಿಕೊಂಡಿದ್ದಾರೆ. ಹೀಗಿರುವಾಗ ಆಯುಧಪೂಜೆಯ ಮಾರನೆಯ ದಿನದಿಂದಲೇ ತಾವು ಬೆಳಗಲು ತೊಡಗಿದ್ದು ನಮ್ಮ ಮೇಲಿನ ಅತಿಯಾದ ಅಕ್ಕರೆಯಿಂದಲೇ ಇರಬೇಕು.

ತಮ್ಮ ಮನವೊಲಿಸಲು ನಾವು ಪಟ್ಟ ಪ್ರಯತ್ನಗಳನ್ನು ತಾವು ಒಳಗಿನಿಂದಲೇ ನೋಡಿದ್ದೀರಿ. ಇಂಜಿನ್ ಆರಲೆಂದು ಟೀ ಕುಡಿದು ಕಾದು, ಆಮೇಲೆ ಮುಚ್ಚಳ ತೆಗೆದು ಕೂಲೆಂಟ್ ತುಂಬಿದೆವು. ಪಕ್ಕದ ಮನೆಯ ತಿಮ್ಮಪ್ಪ ಫ್ಯಾನ್ ಬೆಲ್ಟ್ ಬಿಗಿ ಮಾಡಿದ. ಮೊಬೈಲಿನ ವಿಡಿಯೊ ನೋಡಿಕೊಂಡು ನಾನು ಹೋಸ್ ಪೈಪ್ ಬದಲಿಸಿದೆ. ತಾವು ಪಕ್ಷಪಾತವಿಲ್ಲದೆ ಪ್ರತಿಸಲವೂ ಬೆಳಗಿದಿರಿ. ಕೆಟ್ಟಿರುವುದು ತಾವೇ, ತಮ್ಮನ್ನೇ ಕಿತ್ತರೆ ಗಾಡಿ ಸರಿಯಾಗುತ್ತದೆ ಎಂದು ತಿಮ್ಮಪ್ಪ ಸ್ಕ್ರೂಡ್ರೈವರ್ ಹಿಡಿದು ಬಂದಾಗ ಅವನನ್ನು ತಡೆದವನು ನಾನೇ ಎಂಬುದನ್ನು ದಯವಿಟ್ಟು ನೆನಪಿನಲ್ಲಿಡಬೇಕು.

ಕೊನೆಗೆ ಗಾಡಿಯ ಮುಂಭಾಗದ ಜಾಲರಿಗೆ ಪೂಜೆಯ ದಿನ ಕಟ್ಟಿದ್ದ ಚೆಂಡುಹೂವಿನ ಹಾರವನ್ನು ಭಕ್ತಿಯಿಂದ ಬಿಚ್ಚಿ, ಹಿಂದಿರುವ ರೇಡಿಯೇಟರ್ ತೊಳೆದೆವು. ನಮ್ಮ ಮನೆಯಲ್ಲಿ ಆ ಹಾರವನ್ನು ಕಿತ್ತೆಸೆಯುವಂತಿಲ್ಲ, ಅದು ತಾನಾಗಿ ಉದುರಬೇಕು. ಆದ್ದರಿಂದ ತೊಳೆದಾದ ಮೇಲೆ ಅದನ್ನು ಅದೇ ಜಾಗಕ್ಕೆ, ಮೊದಲಿಗಿಂತ ಬಿಗಿಯಾಗಿ ಕಟ್ಟಿದೆವು.

ನಿನ್ನೆ ನಾನೂ ತಿಮ್ಮಪ್ಪನೂ ಬೈಕಿನಲ್ಲಿ ಹೋಗಿ ತಲುಪುವಷ್ಟರಲ್ಲಿ ಸ್ನೇಹಲತಾ ಗಾಡಿಯ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. "ಅಲ್ಲ ಕಣ್ರೀ, ಗಾಡಿ ಮೂಗ್ಗೇ ಹಾರ ಕಟ್ಬುಟ್ರೆ ಅದು ಉಸ್ರಾಡೋದೆಂಗೆ?" ಎಂದಳು. ನೋಡಿದರೆ ತೋಳಿನ ಗಾತ್ರದ ಹಾರ ಗಾಳಿ ಬರುವ ದಾರಿಯನ್ನೇ ಮುಚ್ಚಿತ್ತು. ಉದುರಿದ ಎಸಳುಗಳು ರೇಡಿಯೇಟರಿಗೆ ಮತ್ತೆ ಅಂಟಿಕೊಂಡಿದ್ದವು. ತಿಮ್ಮಪ್ಪ ತನಗೆ ಮೊದಲೇ ಅನುಮಾನವಿತ್ತು ಎಂದ.

ಹಾರ ತೆಗೆಯಲು ನನ್ನ ತಾಯಿ ಜಯಲಕ್ಷ್ಮಮ್ಮನವರ ಒಪ್ಪಿಗೆ ಬೇಕಿತ್ತು. ಫೋನ್ ಮಾಡಿ ಕೇಳಿದೆ. "ಕೀಳ್ಬ್ಯಾಡ ಕಣ್ಲಾ, ಬಿಚ್ಚಿ ಹಿಂದುಕ್ಕೆ ಕಟ್ಟು. ದ್ಯಾವ್ರು ಹಿಂದ್ಗಡೆನೂ ಅವ್ನೆ," ಎಂದರು. ಈಗ ಹಾರ ಹಿಂಬಾಗಿಲ ಮೇಲಿದೆ. ಇಂದು ಅದೇ ಏರು ಹತ್ತಿ ಹೋಗಿ ಹಿಂಡಿ ಮೂಟೆ ಹೇರಿಕೊಂಡು ಬಂದೆವು. ತಾವು ದರ್ಶನ ಕೊಡಲಿಲ್ಲ.

ಇಷ್ಟರ ಮೇಲೂ ನನ್ನ ದೂರು ಉಳಿದಿದೆ. ಮೂಗಿನ ಮುಂದಿನ ಕಾರಣ ತಮಗೆ ಗೊತ್ತಿದ್ದೂ ಬರೀ ಕೆಂಪಗಾಗಿ ಕುಳಿತಿರಿ. ಆದ್ದರಿಂದ ಇನ್ನು ಮುಂದೆ ಬೆಳಗುವಾಗ ಕಾರಣವನ್ನು ಎರಡು ಸಾಲು ಕನ್ನಡದಲ್ಲಿ ನಮೂದಿಸಬೇಕೆಂದೂ, ಏರು ಸಿಗುವ ಹಿಂದಿನ ದಿನವೇ ಮನೆಗೆ ಸುದ್ದಿ ಮುಟ್ಟಿಸಬೇಕೆಂದೂ, ನನ್ನ ಅತ್ತೆಯವರು ಪಕ್ಕದಲ್ಲಿ ಕುಳಿತಿರುವಾಗ ಮಾತ್ರ ಹಸಿರು ಬಣ್ಣಕ್ಕೆ ತಿರುಗಬೇಕೆಂದೂ ವಿನಂತಿಸುತ್ತೇನೆ.

ತಮ್ಮ ಬೆಳಕಿನಲ್ಲಿ ಸಾಕಷ್ಟು ಬೆವರಿರುವ,
ತಮ್ಮ ವಿಶ್ವಾಸಿ,
ದೇವರಾಜು
ಹೊಳೆನರಸೀಪುರ ತಾಲ್ಲೂಕು

ಮರೆತ ಮಾತು: ಬೇಲ್‌ಗಳು ಗುರುವಾರ ಬೆಳಗ್ಗೆ ಹೊರಡುತ್ತವೆ. ಅವು ಸುಸೂತ್ರವಾಗಿ ತಲುಪಿದರೆ ಗಾಡಿಗೆ ಇದರ ಎರಡರಷ್ಟು ದೊಡ್ಡ ಹಾರ ಹಾಕಿಸುವುದಾಗಿ ಅಮ್ಮ ಹರಕೆ ಹೊತ್ತಿದ್ದಾರೆ. ಶುಕ್ರವಾರ ಹೂವು ಬರುತ್ತದೆ.