ಟವೆಲ್ಲಿನ ಕೆಳಗೆ ಐದು ಅಂಶಗಳು

ಹೊಳಬಸಪ್ಪನವರ ದವಡೆ ಹಲ್ಲು ನೋಯದೇ ಇದ್ದಿದ್ದರೆ ಹಾಲೇಶನಿಗೆ ಈ ಫಜೀತಿ ಬರುತ್ತಿರಲಿಲ್ಲ.

ಹೊಳಬಸಪ್ಪನವರು ಶಿಗ್ಗಾಂವಿಯ ಒಂದು ಸಣ್ಣ ವಿದ್ಯಾಸಂಸ್ಥೆಯ ಅಧ್ಯಕ್ಷರು. ಹಲ್ಲಿನ ಡಾಕ್ಟರ ಬಳಿ ಪಾಳಿ ಕಾಯುತ್ತ ಕುಳಿತಾಗ ಪಕ್ಕದವನ ಮೊಬೈಲಿನಲ್ಲಿ ಒಂದು ವಿಡಿಯೋ ಕಂಡರು. ಅದರಲ್ಲಿ ಒಬ್ಬ ಮನುಷ್ಯ, ಉಪ್ಪು ಕೊಟ್ಟು ಜೋಳ ಕೊಳ್ಳುತ್ತಿದ್ದ ಕಾಲದಿಂದ ಹಿಡಿದು ಮನೆ ಬಾಗಿಲಿಗೇ ಸಾಮಾನು ತರಿಸಿಕೊಳ್ಳುವ ಈ ಕಾಲದವರೆಗೆ ವ್ಯಾಪಾರದ ಇಡೀ ಚರಿತ್ರೆಯನ್ನು ಹತ್ತೇ ನಿಮಿಷದಲ್ಲಿ ಹೇಳಿ ಮುಗಿಸಿದ. ಹೊಳಬಸಪ್ಪನವರು ಡಾಕ್ಟರಲ್ಲಿಂದ ಹೊರಬಿದ್ದಾಗ ಬಾಯಲ್ಲಿ ಹತ್ತಿಯ ಉಂಡೆ ಇತ್ತು, ತಲೆಯಲ್ಲಿ ಯೋಜನೆ ಇತ್ತು. ಮರುದಿನ ಬೆಳಿಗ್ಗೆ ಹಾಲೇಶನನ್ನು ಕರೆಸಿದರು.

ಹಾಲೇಶ ಆ ಸಂಸ್ಥೆಯಲ್ಲಿ ಒಂಬತ್ತು ವರ್ಷಗಳಿಂದ ‘ವ್ಯಾಪಾರ ಮತ್ತು ಉದ್ಯೋಗ ಮಾರ್ಗದರ್ಶನ’ ಎಂಬ ಒಂದು ವರ್ಷದ ಕೋರ್ಸ್ ಕಲಿಸುತ್ತಿದ್ದ. ಕಲಿಸುವುದರಲ್ಲಿ ಪ್ರಾಮಾಣಿಕ. ಆದರೆ ಜೀವಮಾನದಲ್ಲಿ ಒಂದು ಬೆಂಕಿಪೊಟ್ಟಣವನ್ನೂ ಮಾರಿದವನಲ್ಲ. ಹೆಂಡತಿ ಬದನೆಕಾಯಿ ತರಲು ಕಳಿಸಿದರೆ, ಹೇಳಿದ ದರ ಕೊಟ್ಟು, ಮೇಲೆ ಥ್ಯಾಂಕ್ಸ್ ಅಂದು, ಬದನೆಕಾಯಿಯನ್ನು ಅಲ್ಲೇ ಬಿಟ್ಟು ಬರುವ ಜಾತಿ.

“ಹಾಲೇಶ, ನಿಮ್ಮ ಕೋರ್ಸಿಗೆ ಈ ವರ್ಷ ಎಷ್ಟ ಮಂದಿ ಹೆಸರ ಹಚ್ಚ್ಯಾರ?” ಎಂದು ಅಧ್ಯಕ್ಷರು ಊದಿದ ಕೆನ್ನೆಯ ಮೇಲೆ ಕೈಯಿಟ್ಟುಕೊಂಡು ಕೇಳಿದರು.

“ಏಳು ಮಂದಿ ಸರ.”

“ಇಪ್ಪತ್ತ ಆಗಬೇಕು. ನಾಳೆ ಕಡೇ ದಿನ. ಇಲ್ಲಾಂದ್ರ ಕೋರ್ಸ್ ಬಂದ್. ಕೋರ್ಸ್ ಬಂದ್ ಆದ್ರ…” ಎಂದು ಅವರು ಮುಂದಿನದನ್ನು ಹಲ್ಲುನೋವಿಗೆ ಬಿಟ್ಟರು. “ಒಂದ ವಿಡಿಯೋ ಮಾಡ್ರಿ. ನೋಡಿದವ್ರು ಓಡಿ ಬಂದು ಫಾರ್ಮ್ ತುಂಬಬೇಕು. ಇವತ್ತ ಸಂಜೀ ಐದಕ್ಕ ಊರಿನ ಎಲ್ಲಾ ಗ್ರೂಪಿಗೂ ಹೋಗಬೇಕು.”

ಹಾಲೇಶ ಮನಸ್ಸಿನಲ್ಲೇ ಲೆಕ್ಕ ಹಾಕಿದ. ನಲವತ್ತೆರಡರ ವಯಸ್ಸಿನಲ್ಲಿ ಕೆಲಸ ಹೋದರೆ ಎಲ್ಲಿ ಹುಡುಕುವುದು? ಬೇರೆಯವರಿಗೆ ಉದ್ಯೋಗ ಮಾರ್ಗದರ್ಶನ ಮಾಡುವುದು ಸುಲಭ, ತನಗೆ ಮಾಡಿಕೊಳ್ಳುವುದು ಕಷ್ಟ ಎಂದು ಅವನಿಗೆ ಆಗಲೇ ಅರಿವಾದದ್ದು.

ಕ್ಯಾಮೆರಾ ಹಿಡಿಯಲು ಸಿಕ್ಕವನು ಆಟದ ಮಾಸ್ತರ ಹುಲಗೇಶ. ಅವನ ಮೊಬೈಲ್ ಹೊಸದು, ಬಾಯಿ ಹಳೆಯದು, ಎರಡೂ ಮುಚ್ಚುತ್ತಿರಲಿಲ್ಲ. ಹಾಲೇಶ ಕರಿಹಲಗೆಯ ಮುಂದೆ ನಿಂತು, “ಆತ್ಮೀಯ ವಿದ್ಯಾರ್ಥಿಗಳೇ, ವಾಣಿಜ್ಯ ಎಂದರೇನು? ಇದಕ್ಕೆ ವಿದ್ವಾಂಸರು ನೀಡಿರುವ ವ್ಯಾಖ್ಯೆಗಳು ಏಳು” ಎಂದು ಶುರುಮಾಡಿದ. ನಾಲ್ಕನೆಯ ವ್ಯಾಖ್ಯೆಗೆ ಬರುವಷ್ಟರಲ್ಲಿ ಹುಲಗೇಶ ದೊಡ್ಡದಾಗಿ ಆಕಳಿಸಿದ. ಆಕಳಿಕೆ ವಿಡಿಯೋದಲ್ಲಿ ಪಾಠಕ್ಕಿಂತ ಸ್ಪಷ್ಟವಾಗಿ ಕೇಳಿಸಿತು.

“ಸರ, ಸಿಟ್ಟಾಗಬ್ಯಾಡ್ರಿ. ಇದನ್ನ ನೋಡಿದ್ರ ಇರೋ ಏಳು ಮಂದೀನೂ ಓಡಿ ಹೋಗ್ತಾರ. ಇವತ್ತ ಬಂಕಾಪುರದಾಗ ದನದ ಸಂತಿ ಐತಿ. ವ್ಯಾಪಾರ ಅಲ್ಲೇ ನಡ್ಯಾಕತ್ತೈತಿ, ನೀವು ಅದರ ಮುಂದ ನಿಂತು ಮಾತಾಡ್ರಿ. ಹಿಂದ ಎಮ್ಮಿ, ಮುಂದ ನೀವು. ಮಂದಿ ಒಬ್ಬರನ್ನರ ನೋಡ್ತಾರ.”

ಹಾಲೇಶನಿಗೆ ಇದು ಅವಮಾನವೋ ಸಲಹೆಯೋ ತಿಳಿಯಲಿಲ್ಲ. ಆದರೂ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲೇ ಹುಲಗೇಶನ ಬೈಕ್ ಹತ್ತಿದ.

ಸಂತೆ ಭರ್ತಿಯಾಗಿತ್ತು. ಹಾಲೇಶನ ಕಣ್ಣು ಮೊದಲು ಬಿದ್ದದ್ದು ದಲ್ಲಾಳಿ ಗೌಸಸಾಬನ ಮೇಲೆ. ಹೆಗಲ ಮೇಲೆ ಹಸಿರು ಟವೆಲ್, ಬಿಳಿ ಗಡ್ಡ, ಅವಸರವೇ ಇಲ್ಲದ ನಡಿಗೆ. ಕೊಳ್ಳುವವನ ಕೈಯನ್ನು ಟವೆಲ್ಲಿನ ಕೆಳಗೆ ಹಿಡಿದು, ಬೆರಳು ಒತ್ತಿ ದರ ಕೇಳಿ, ಬೆರಳು ಒತ್ತಿಸಿಕೊಂಡು ದರ ತಿಳಿದು, ಆಮೇಲೆ ಮಾರುವವನ ಬಳಿ ಹೋಗಿ ಅದನ್ನೇ ಮಾಡುತ್ತಿದ್ದ. ಒತ್ತಿದ ಒಂದೊಂದು ಬೆರಳಿಗೂ ದರ ಒಂದೊಂದು ಮೆಟ್ಟಿಲು ಏರುತ್ತಿತ್ತು. ಸುತ್ತ ನೂರು ಜನ ನಿಂತರೂ ದರ ಆ ಎರಡು ಕೈಗಳಿಗೆ ಮಾತ್ರ ಗೊತ್ತು.

“ಅಪಾರದರ್ಶಕ ಮಾರುಕಟ್ಟೆಗೆ ಇದು ಉತ್ತಮ ಉದಾಹರಣೆ!” ಎಂದು ಹಾಲೇಶ ಉಬ್ಬಿದ. ಗೌಸಸಾಬನ ಬಳಿ ಹೋಗಿ, “ಸಾಹೇಬ್ರ, ಇದನ್ನ ನಂಗೂ ಸ್ವಲ್ಪ ತೋರಸ್ರಿ” ಎಂದ.

“ಯಾವ ದನಕ್ಕರಿ?”

“ಯಾವುದಾದರ ನಡೀತದ. ಇದನ್ನ ತಗೋರ್ರಿ” ಎಂದು ಹಾಲೇಶ ಪಕ್ಕದಲ್ಲಿದ್ದ ಎಮ್ಮೆಯನ್ನು ತೋರಿಸಿದ.

ಎಮ್ಮೆಯ ಒಡತಿ ಮಾಬೂಬಿ ಸೆರಗು ಸರಿಪಡಿಸಿಕೊಂಡು ಎದ್ದು ನಿಂತಳು. ಅವಳು ಸವಣೂರಿನ ಮಗಳ ಮನೆಯಲ್ಲಿ ಇರಲು ಹೊರಟವಳು. ಅಲ್ಲಿ ಎಮ್ಮೆ ಕಟ್ಟಲು ಜಾಗವಿರಲಿಲ್ಲ. ಗೌಸಸಾಬನಿಗಾದರೋ ಮೂವತ್ತೈದು ವರ್ಷದ ಕಸುಬಿನಲ್ಲಿ ದನ ತೋರಿಸಿ ಕೈ ಚಾಚಿದವನೆಂದರೆ ಗಿರಾಕಿಯೇ. ಅವನು ಹಾಲೇಶನ ಬಲಗೈಯನ್ನು ಟವೆಲ್ಲಿನೊಳಗೆ ಎಳೆದುಕೊಂಡು, ಮಾಬೂಬಿ ಹೇಳಿದ್ದ ದರವನ್ನು ಒತ್ತಿ ತಿಳಿಸಿ, “ಇದರ ಮ್ಯಾಲ ನೀವು ಹೇಳ್ರಿ” ಎಂದ.

ಹಾಲೇಶ ಅದು ಪ್ರದರ್ಶನದ ಮಾತೆಂದುಕೊಂಡು ಕ್ಯಾಮೆರಾ ಕಡೆ ತಿರುಗಿದ. ಎಡಗೈಯಲ್ಲಿ ಮೈಕ್.

“ವಿದ್ಯಾರ್ಥಿಗಳೇ, ಬೇಡಿಕೆಯನ್ನು ನಿರ್ಧರಿಸುವ ಅಂಶಗಳು ಐದು.”

ಇಲ್ಲಿ ಹಾಲೇಶನ ಒಂದು ಅಭ್ಯಾಸ ಹೇಳಬೇಕು. ಒಂಬತ್ತು ವರ್ಷದಲ್ಲಿ ಅವನು ಬೆರಳು ಮಡಿಸಿ ಎಣಿಸದೆ ಒಂದೇ ಒಂದು ಅಂಶವನ್ನೂ ಕಲಿಸಿರಲಿಲ್ಲ. ಈಗ ಎಡಗೈ ಖಾಲಿ ಇರಲಿಲ್ಲ. ಬಲಗೈಯ ಬೆರಳುಗಳ ಜಾಗದಲ್ಲಿ ಗೌಸಸಾಬನ ಬೆರಳುಗಳಿದ್ದವು.

“ಮೊದಲನೆಯದು, ವಸ್ತುವಿನ ಬೆಲೆ” ಎಂದು ಗೌಸಸಾಬನ ಒಂದು ಬೆರಳು ಒತ್ತಿದ. ಗೌಸಸಾಬ ಹುಬ್ಬೇರಿಸಿದ. “ಎರಡನೆಯದು, ಗ್ರಾಹಕನ ಆದಾಯ.” ಗೌಸಸಾಬ ಮಾಬೂಬಿಯ ಕಡೆ ನೋಡಿದ. “ಮೂರನೆಯದು, ಅಭಿರುಚಿ. ನಾಲ್ಕನೆಯದು, ಬದಲಿ ವಸ್ತುಗಳ ಬೆಲೆ.” ಗೌಸಸಾಬ ಟೋಪಿ ಸರಿಮಾಡಿಕೊಂಡ. ಇಷ್ಟು ಸಲೀಸಾಗಿ ತಾನೇ ತಾನಾಗಿ ದರ ಏರಿಸಿಕೊಳ್ಳುವ ಗಿರಾಕಿಯನ್ನು ಅವನು ಕಂಡಿರಲಿಲ್ಲ. “ಐದನೆಯದು ಬಹಳ ಮುಖ್ಯ, ಭವಿಷ್ಯದ ನಿರೀಕ್ಷೆ!” ಎಂದು ಹಾಲೇಶ ಐದೂ ಬೆರಳು ಸೇರಿಸಿ ಗಟ್ಟಿಯಾಗಿ ಹಿಡಿದು, ಪಾಠ ಮುಗಿದ ಖುಷಿಗೆ ಕೈಯನ್ನು ಮೇಲೆ ಕೆಳಗೆ ಕುಲುಕಿದ.

ಸಂತೆಯಲ್ಲಿ ಕೈ ಕುಲುಕಿದರೆ ವ್ಯಾಪಾರ ಮುಗಿಯಿತು. ಗೌಸಸಾಬ ಟವೆಲ್ ಝಾಡಿಸಿ ಹೆಗಲಿಗೆ ಹಾಕಿಕೊಂಡ. ಮಾಬೂಬಿ ಎಮ್ಮೆಯ ಹಣೆ ಸವರಿ, ಕಣ್ಣೊರೆಸಿಕೊಂಡು, ಹಗ್ಗವನ್ನು ಹಾಲೇಶನ ಕೈಗಿಟ್ಟಳು.

“ಛಲೋ ನೋಡ್ಕೋರಿ ಸರ. ಮುಂಜಾನೆ ಹಿಂಡೂ ಮುಂದ ಅದರ ಜೋಡಿ ಎರಡ ಮಾತ ಆಡಬೇಕು, ಇಲ್ಲಾಂದ್ರ ಒದೀತೈತಿ.”

“ಇದ ಯಾಕ್ರಿ ನಂಗ?”

ಗೌಸಸಾಬ ಅವನ ಕಿವಿಯಲ್ಲಿ ದರ ಹೇಳಿದ. ಆ ದರವನ್ನು ಬಹಿರಂಗ ಮಾಡುವುದು ಸಂತೆಯ ರಿವಾಜಿಗೆ ವಿರುದ್ಧ, ಆದ್ದರಿಂದ ನಾವೂ ಹೇಳುವಂತಿಲ್ಲ. ಹಾಲೇಶನ ಐದು ತಿಂಗಳ ಪಗಾರಕ್ಕಿಂತ ತುಸು ಹೆಚ್ಚು ಎಂದಷ್ಟೇ ತಿಳಿದುಕೊಳ್ಳಿ. ಹಾಲೇಶ ಇಸ್ತ್ರಿ ಅಂಗಿಯ ಪರಿವೆಯಿಲ್ಲದೆ ಅಲ್ಲೇ ಹುಲ್ಲಿನ ಸಿವುಡಿನ ಮೇಲೆ ಕುಳಿತುಬಿಟ್ಟ.

“ನಾ ಬರೇ ಡೆಮೋ ಮಾಡಾಕತ್ತಿದ್ದೆರಿ!”

“ಸಂತ್ಯಾಗ ಡೆಮೋ ಅಂತ ಇರಂಗಿಲ್ಲರಿ ಸರ. ಕೈ ಕೊಟ್ರ ಮಾತ ಕೊಟ್ಟಂಗ.”

ಜನ ಸೇರಿದರು. ಒಬ್ಬ ಎಮ್ಮೆಯ ಹಲ್ಲು ನೋಡಿದ, ಇನ್ನೊಬ್ಬ ಹಾಲೇಶನ ಮುಖ ನೋಡಿದ. ಹಾಲೇಶ ಎದ್ದು ನಿಂತು ತನಗೆ ಗೊತ್ತಿದ್ದ ಕೊನೆಯ ಅಸ್ತ್ರ ತೆಗೆದ. “ಒಪ್ಪಂದಕ್ಕ ಮುಕ್ತ ಸಮ್ಮತಿ ಬೇಕು. ಹದಿನೆಂಟುನೂರಾ ಎಪ್ಪತ್ತೆರಡರ ಕಾಯ್ದೆ ಐತಿ!”

ಗುಂಪಿನಲ್ಲಿದ್ದ ಒಬ್ಬ ಮುದುಕ ಯೋಚಿಸಿ ಹೇಳಿದ: “ಆವಾಗ ಈ ಎಮ್ಮಿ ಹುಟ್ಟಿರಲಿಲ್ಲ ಬಿಡ್ರಿ.”

“ಹುಲಗೇಶ, ಬಂದ್ ಮಾಡ ಅದನ್ನ!” ಎಂದು ಹಾಲೇಶ ಕೂಗಿದ.

“ಭಾಳ ಛಲೋ ಬರಾಕತ್ತೈತಿ ಸರ” ಎಂದು ಹುಲಗೇಶ ಇನ್ನಷ್ಟು ಹತ್ತಿರ ಬಂದ.

ಕೊನೆಗೆ ಗೌಸಸಾಬನೇ ದಾರಿ ಹೇಳಿದ. ಸಂತೆ ಮುರಿಯುವುದರೊಳಗೆ ಎಮ್ಮೆಯನ್ನು ಬೇರೆಯವರಿಗೆ ಮಾರಿಬಿಟ್ಟರೆ ಮಾಬೂಬಿಗೆ ಅವಳ ಹಣ ಮುಟ್ಟುತ್ತದೆ, ಮಾಸ್ತರೂ ಪಾರಾಗುತ್ತಾರೆ. ಹಾಲೇಶನಿಗೆ ಜೀವ ಬಂತು. ಒಂಬತ್ತು ವರ್ಷ ಮಾರಾಟ ಕಲೆ ಕಲಿಸಿದವನಿಗೆ ಒಂದು ಎಮ್ಮೆ ಯಾವ ಲೆಕ್ಕ?

ಮೊದಲ ಗಿರಾಕಿ ತಿಳವಳ್ಳಿಯ ಕಡೆಯವನು. ಹಾಲಿನ ಬಗ್ಗೆ ಕೇಳಿದ. ಗ್ರಾಹಕನಿಗೆ ಪೂರ್ಣ ಮಾಹಿತಿ ಪಡೆಯುವ ಹಕ್ಕಿದೆ ಎಂಬುದು ಹಾಲೇಶ ಪ್ರತಿವರ್ಷ ಪರೀಕ್ಷೆಯಲ್ಲಿ ಕೇಳುತ್ತಿದ್ದ ಪ್ರಶ್ನೆಯ ಉತ್ತರ. “ಹಾಲ ಕೊಡ್ತದ, ಆದ್ರ ಮಾತಾಡಸದಿದ್ರ ಒದೀತದಂತ. ಮಾಲಕರು ಹೇಳ್ಯಾರ. ಹಲ್ಲಿನ ಬಗ್ಗೆ ನಂಗ ಖಾತ್ರಿ ಇಲ್ಲ. ಮತ್ತ ದರ ಸ್ವಲ್ಪ ಹೆಚ್ಚಾತು ಅಂತ ನಂಗೂ ಅನಸ್ತದ” ಎಂದ. ಗಿರಾಕಿ ಇಂಥ ಮಾರಾಟಗಾರನ ಬುದ್ಧಿ ನೆಟ್ಟಗಿದೆಯೇ ಎಂಬ ಅನುಮಾನದಿಂದ ನಾಲ್ಕು ಹೆಜ್ಜೆ ಹಿಂದೆ ಸರಿದು ಹೊರಟೇ ಹೋದ. ಎರಡನೆಯವನೂ ಮೂರನೆಯವನೂ ಹಾಗೆಯೇ ಹೋದರು. ಅಷ್ಟರಲ್ಲಿ ಎಮ್ಮೆಗೆ ಬಾಯಾರಿತು. ಅದು ಹಾಲೇಶನನ್ನು ಎಳೆದುಕೊಂಡು, ಮಿರ್ಚಿ ಬಜಿ ಅಂಗಡಿಯ ಬೆಂಚು ಕೆಡವಿ, ಚುರುಮುರಿ ಚೆಲ್ಲಿ, ನೀರಿನ ತೊಟ್ಟಿಯ ತನಕ ಒಯ್ದಿತು. ಬಜಿ ಅಂಗಡಿಯವ ಬೈದ ಬೈಗುಳವನ್ನೂ ಹುಲಗೇಶ ಬಿಡಲಿಲ್ಲ.

ಮೂರೂವರೆ ಆಯಿತು. ಹಾಲೇಶನ ಅಂಗಿ ಬಿಳಿಯ ಬಣ್ಣ ಬಿಟ್ಟು ಬಹಳ ಹೊತ್ತಾಗಿತ್ತು. ಅವನು ಗೌಸಸಾಬನ ಮುಂದೆ ಬಂದು ನಿಂತ.

“ಸಾಹೇಬ್ರ, ನಂಗ ಇದು ಬರಂಗಿಲ್ಲರಿ. ಐದಕ್ಕ ವಿಡಿಯೋ ಹೋಗದಿದ್ರ ನನ್ನ ನೌಕರಿ ಹೋಕ್ಕೈತಿ.”

ಗೌಸಸಾಬ ಅವನನ್ನು ಮೇಲಿಂದ ಕೆಳಗೆ ನೋಡಿದ. ಪಾಪ ಅನಿಸಿತು. “ನೀವು ಹಗ್ಗ ಹಿಡಕೊಂಡು ಬಾಯಿ ಮುಚ್ಚಿಕೊಂಡು ನಿಂದರ್ರಿ. ಅಷ್ಟ ಸಾಕು.”

ಆಮೇಲೆ ಗೌಸಸಾಬ ಸಂತೆಯತ್ತ ಕಣ್ಣು ಹಾಯಿಸಿ, ಕ್ಯಾಮೆರಾ ಇದೆಯೆಂಬ ನೆನಪೂ ಇಲ್ಲದೆ ಹೇಳತೊಡಗಿದ. “ದರ ಕೇಳಾವ ಗಿರಾಕಿ ಅಲ್ಲರಿ. ಹೊಳ್ಳಿ ಬಂದು ಎರಡನೇ ಸಲ ನೋಡ್ತಾನಲ್ಲ, ಅವ ಗಿರಾಕಿ. ಅಲ್ಲಿ ನೋಡ್ರಿ, ಆ ಹಿರೇಕೆರೂರ ಕಡ್ಯಾವ, ಮೂರ ಸಲ ಬಂದಾನ.”

“ಆದ್ರ ಟವೆಲ್ ಯಾಕ್ರಿ? ಎಲ್ಲಾರಿಗೂ ಕಾಣೂಹಂಗ ಹೇಳಬಾರದಾ?” ಎಂದು ಹಾಲೇಶ, ಬಾಯಿ ಮುಚ್ಚಿಕೊಳ್ಳಲಾರದೆ, ಕೇಳಿದ.

“ನಮ್ಮಜ್ಜ ಹೇಳ್ತಿದ್ದ. ಮಾರಾವ್ಗ ಅಡಚಣಿ ಇದ್ದಾಗ ಕಡಿಮಿ ದರಕ್ಕ ಕೊಡ್ತಾನ. ಅದನ್ನ ಊರೆಲ್ಲಾ ಕೇಳಬೇಕೇನ್ರಿ? ಕೊಳ್ಳಾವ್ನ ಕೈಯಾಗ ರೊಕ್ಕ ಕಡಿಮಿ ಇರ್ತಾವ. ಅದನ್ನ ಬೀಗರ ಮುಂದ ಒದರಬೇಕೇನ್ರಿ? ಅರವಿ ಮುಚ್ಚೂದು ದರಕ್ಕಲ್ಲ, ಮನಿಷ್ಯಾನ ಮರ್ಯಾದಿಗೆ.”

ಒಂಬತ್ತು ವರ್ಷದಲ್ಲಿ ತಾನು ಇಷ್ಟು ಒಳ್ಳೆಯ ಮಾತು ಒಂದನ್ನೂ ಕಲಿಸಿಲ್ಲ ಎಂದು ಹಾಲೇಶನಿಗೆ ನಿಜವಾಗಿಯೂ ಅನಿಸಿತು, ಹೊಟ್ಟೆಕಿಚ್ಚೂ ಆಯಿತು.

ಹಿರೇಕೆರೂರಿನ ಕಡೆಯವನ ಕೈ ಟವೆಲ್ಲಿನೊಳಗೆ ಹೋಗಿ ಹೊರಬರಲು ಎರಡು ನಿಮಿಷವೂ ಹಿಡಿಯಲಿಲ್ಲ. ಎಮ್ಮೆ ಮಾರಾಟವಾಯಿತು. ಮಾಬೂಬಿಯ ಮೊತ್ತ ಪೂರ್ತಿ ಸಂದಿತು. ಗೌಸಸಾಬ ಹಾಲೇಶನಿಂದ ದಲ್ಲಾಳಿ ಹಣ ತೆಗೆದುಕೊಳ್ಳಲಿಲ್ಲ, ಒಂದು ಕಪ್ ಚಹಾ ಕುಡಿದ.

ಬೈಕಿನ ಬಳಿ ಬಂದಾಗ ಐದಕ್ಕೆ ಹತ್ತು ನಿಮಿಷ. “ಆತ್ರಿ ಸರ, ಎಲ್ಲಾ ಗ್ರೂಪಿಗೂ ಹೋತು!” ಎಂದು ಹುಲಗೇಶ ಮೊಬೈಲ್ ಜೇಬಿಗಿಳಿಸಿದ.

“ಏನ ಹೋತು? ಎಡಿಟ್ ಮಾಡಿಲ್ಲಲ್ಲೋ!”

“ಮಾಡೇನಿ ಸರ. ಭಾಳ ಹೆವಿ ಆಗಿತ್ತು. ನಿಮ್ಮ ಆ ವ್ಯಾಖ್ಯೆ ಪಾಠ ಪೂರಾ ತೆಗೆದೇನಿ. ಸಂತೀದ ಅಷ್ಟ ಇಟ್ಟೇನಿ.”

ಆ ರಾತ್ರಿ ಹಾಲೇಶ ಮೊಬೈಲ್ ಮುಟ್ಟಲಿಲ್ಲ. ಮರುದಿನ ಮಧ್ಯಾಹ್ನ, ತನ್ನ ಕಥೆ ಮುಗಿಯಿತೆಂದು ಕಾಲೆಳೆಯುತ್ತ ಸಂಸ್ಥೆಗೆ ಬಂದರೆ, ಬಾಗಿಲಲ್ಲಿ ಪಾಳಿ! ಹುಡುಗರು, ಹುಡುಗಿಯರು, ಇಬ್ಬರು ಕಿರಾಣಿ ಅಂಗಡಿಯವರು, ಹಾನಗಲ್ಲಿನಿಂದ ಬಂದ ಒಬ್ಬ ಹೊಲಿಗೆಯಾಕೆ. ಎಲ್ಲರೂ ಅವನನ್ನು ನೋಡಿ ನಕ್ಕರು, ಆದರೆ ಪ್ರೀತಿಯಿಂದ ನಕ್ಕರು. ಹೊಳಬಸಪ್ಪನವರು ನೋವಿಲ್ಲದ ಕಡೆಯ ಕೆನ್ನೆಯಲ್ಲಿ ಪೇಡೆ ಜಗಿಯುತ್ತಿದ್ದರು.

“ಬರ್ರಿ ಹಾಲೇಶ! ಕೋರ್ಸ್ ಉಳೀತು. ಭಾರಿ ವಿಡಿಯೋ! ಇಪ್ಪತ್ತ ಭರ್ತಿ!”

ಹಾಲೇಶನ ಕಣ್ಣಲ್ಲಿ ನೀರು ಬಂತು. “ಎಲ್ಲಾ ನಿಮ್ಮ ಆಶೀರ್ವಾದ ಸರ. ಸೋಮವಾರದಿಂದ ಪಾಠ ಶುರು ಮಾಡ್ತೇನಿ.”

ಅಧ್ಯಕ್ಷರು ಪೇಡೆ ನುಂಗಿದರು. “ಅದ ಹೇಳಬೇಕಂತಿದ್ದೆ. ಫಾರ್ಮ್ ತುಂಬಿದವ್ರೆಲ್ಲಾ ಒಂದ ಮಾತ ಕೇಳಿದ್ರು: ‘ಆ ಟವೆಲ್ ಸರೇ ಕಲಸ್ತಾರಲ್ಲರಿ?’ ನಾ ಏನ ಹೇಳ್ಲಿ? ಮುಂಜಾನೆ ಗೌಸಸಾಬರಿಗೆ ಫೋನ್ ಹಚ್ಚಿದ್ದೆ. ಸಂತಿ ದಿನಾ ಬಿಟ್ಟು ಉಳದ ದಿನಾ ಬರ್ತೇನಿ ಅಂದ್ರು.”

ಹಾಲೇಶ ಕುರ್ಚಿಯ ಬೆನ್ನು ಹಿಡಿದುಕೊಂಡ. “ಮತ್ತ… ನಂದು?”

“ನಿಮ್ಮನ್ನ ಬಿಡ್ತೇವೇನ್ರಿ?” ಎಂದು ಅಧ್ಯಕ್ಷರು ಒಂದು ಕಾಗದ ಮುಂದೆ ಸರಿಸಿದರು. “ಖರೇ ಹೇಳ್ಬೇಕಂದ್ರ ಹತ್ತೊಂಬತ್ತ ಆಗಿದ್ವು. ಒಂದ ಕಡಿಮಿ ಬಿದ್ದಿತ್ತು. ‘ಕಲಿಯೂದು ಎಲ್ಲಾರಕಿಂತ ಜಾಸ್ತಿ ಆ ಸರಗೇ ಬೇಕಾಗೈತಿ’ ಅಂತ ಗೌಸಸಾಬರೇ ನಿಮ್ಮ ಹೆಸರ ಹೇಳಿದ್ರು. ಇಪ್ಪತ್ತನೇ ನಂಬರ್ ನಿಮ್ದ. ಇಲ್ಲೊಂದ ಸಹಿ ಹಾಕ್ರಿ. ಫೀ ನಿಮ್ಮ ಕಡೇ ಪಗಾರದಾಗ ಮುರಕೊಂಡೇನಿ.”

ಹಾಲೇಶ ಫಾರ್ಮ್ ನೋಡಿದ. ಒಂಬತ್ತು ವರ್ಷದ ಹಿಂದೆ ಆ ಫಾರ್ಮ್ ಬರೆದು ಅಚ್ಚು ಹಾಕಿಸಿದವನು ಅವನೇ. ಪೆನ್ನು ತೆಗೆದುಕೊಂಡ.

“ಸೋಮವಾರ ಹತ್ತಕ್ಕ ಸರಿಯಾಗಿ ಬಂದಬಿಡ್ರಿ. ತಡಾ ಮಾಡಿದವ್ರನ್ನ ಗೌಸಸಾಬರು ಒಳಗ ಬಿಡಂಗಿಲ್ಲಂತ” ಎಂದರು ಹೊಳಬಸಪ್ಪನವರು.