ಸೀಸೆಯ ಮೇಲೆ ಅಂಟಿಸಿದ ಹೆಸರು

ಪೂರ್ತಿ ಓದಿದವರಿಂದ ಸಂಸಾರಕ್ಕೆ ಅಂಥ ತೊಂದರೆಯೇನಿಲ್ಲ. ಏನೂ ಓದದವರಿಂದಂತೂ ಇಲ್ಲವೇ ಇಲ್ಲ. ಮೂರು ವಾರದ ತರಬೇತಿ ಮುಗಿಸಿ ಎದೆಗೆ ಬ್ಯಾಡ್ಜು ಸಿಕ್ಕಿಸಿಕೊಂಡು ಬಂದವನನ್ನು ಮಾತ್ರ ಅಡುಗೆಮನೆಯೊಳಕ್ಕೆ ಬಿಡಬಾರದು. ಯಾರನ್ನೋ ನೋಡಿ ಈ ಮಾತು ಹೇಳುತ್ತಿಲ್ಲ. ಗುಂಡ್ಲುಪೇಟೆಯಲ್ಲಿ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಂಡು ತಣ್ಣಗಿದ್ದ ನನ್ನನ್ನು ಒಂದು ಬೇಸಿಗೆ ರಜದಲ್ಲಿ ಮೈಸೂರಿಗೆ, ಆಹಾರ ಕೆಡದಂತೆ ನೋಡಿಕೊಳ್ಳುವುದು ಹೇಗೆ ಎಂಬ ತರಬೇತಿಗೆ ಕಳಿಸಿದರು. ಆಗಿನ್ನೂ ಲ್ಯಾಂಡ್‌ಲೈನ್ ಫೋನುಗಳು ಕಸೂತಿ ಬಟ್ಟೆ ಹೊದ್ದು ಗೋಡೆಗೂಡಿನಲ್ಲಿ ಕೂತಿರುತ್ತಿದ್ದ ಕಾಲ. ಮೊಬೈಲ್ ಇದ್ದವರು ಅದು ನಾಲ್ಕು ಜನಕ್ಕೆ ಕಾಣಲೆಂದು ತೆಳುವಾದ ಜೇಬಿನ ಶರಟು ಹೊಲಿಸುತ್ತಿದ್ದರು. ನನ್ನಲ್ಲಿ ಮೊಬೈಲ್ ಇರಲಿಲ್ಲ. ಹಾಗಾಗಿ ಜನಕ್ಕೆ ತೋರಿಸಿಕೊಳ್ಳಲು ಈ ತರಬೇತಿಯೊಂದೇ ಇತ್ತು.

ಬಂದವನೇ ಹೆಂಡತಿ ರತ್ನಳ ಕೈಹಿಡಿದು ತಿದ್ದತೊಡಗಿದೆ. ನಿನ್ನೆಯ ಸಾರನ್ನು ಅವಳು ಮೂಸಿ ನೋಡಿದರೆ, "ಮೂಗು ಉಪಕರಣವಲ್ಲ" ಎನ್ನುತ್ತಿದ್ದೆ. "ಹದಿನೈದು ವರ್ಷದಿಂದ ಈ ಮೂಗೇ ನಿಮ್ಮನ್ನ ಸಾಕಿರೋದು" ಎಂದು ಅವಳು ಸಾರು ಬಿಸಿಗಿಡುತ್ತಿದ್ದಳು. ತರಬೇತಿಯಲ್ಲಿ ನನಗೆ ಬಹಳ ಹಿಡಿಸಿದ್ದು ಒಂದು ನಿಯಮ. ಹೆಚ್ಚು ಜನಕ್ಕೆ ಊಟ ಹಾಕುವಾಗ ಪ್ರತಿಯೊಂದು ಅಡುಗೆಯಿಂದಲೂ ಎರಡು ಚಮಚ ತೆಗೆದು, ಕುದಿಸಿ ಒಣಗಿಸಿದ ಸೀಸೆಗೆ ಹಾಕಿ ಫ್ರಿಜ್ಜಿನಲ್ಲಿಡಬೇಕು; ಆಮೇಲೆ ಯಾರಿಗಾದರೂ ಹೊಟ್ಟೆ ಕೆಟ್ಟರೆ ಪರೀಕ್ಷೆಗೆ ಬೇಕಾಗುತ್ತದೆ. ಸೀಸೆಯ ಮೇಲೆ ಅಡುಗೆಯ ಹೆಸರಿಗಿಂತ ಅದನ್ನು ಮಾಡಿದವರ ಹೆಸರು ಬರೆಯುವುದು ಮುಖ್ಯ. "ಏನು ಅನ್ನೋದು ನೋಡಿದ್ರೆ ಗೊತ್ತಾಗುತ್ತೆ, ಯಾರು ಅನ್ನೋದು ಗೊತ್ತಾಗಲ್ಲ" ಎಂದು ಪಾಠ ಹೇಳಿದವರು ಒತ್ತಿ ಹೇಳಿದ್ದರು.

ಆ ನಿಯಮ ಪ್ರಯೋಗಿಸಲು ನನಗೆ ಬೇಗನೆ ಅವಕಾಶ ಸಿಕ್ಕಿತು. ನಾವು ಹೊಸ ಬಾಡಿಗೆ ಮನೆಗೆ ಬಂದು ಒಂದು ಭಾನುವಾರ ಹಾಲುಕ್ಕಿಸಿದೆವು. ನಲವತ್ತು ಜನಕ್ಕೆ ಊಟ. ಅನ್ನ, ಸಾರು, ಪಲ್ಯ, ಪಾಯಸಕ್ಕೆ ಅಡುಗೆ ಮಾದಪ್ಪ. ಮೊಸರು ಹರದನಹಳ್ಳಿಯಿಂದ ನಮ್ಮ ಅತ್ತೆಯದು. ಹಿಂದಿನೆರಡು ದಿನ ನಾನು ವಾಂತಿ ಮಾಡಿಕೊಂಡು, "ಪಿತ್ತ ಕೆರಳಿದೆ" ಎಂದು ಹೊದ್ದು ಮಲಗಿದ್ದೆ. ಸಾಮಾನು ಸಾಗಿಸುವುದನ್ನು ತಪ್ಪಿಸಿಕೊಂಡ ಎನ್ನುವ ಹೆಸರು ಬಾರದಿರಲಿ ಎಂದು ಆ ದಿನ ಎದ್ದು ಪಂಚೆ ಎತ್ತಿಕಟ್ಟಿ, ಸೌತೆಕಾಯಿ ಕೋಸಂಬರಿ ನನಗೇ ಬಿಡಿ ಎಂದೆ. ಹೆಚ್ಚಿದ್ದು ನಾನು, ಕೈಯಲ್ಲಿ ಕಲಸಿದ್ದೂ ನಾನು. ಬಹಳ ರುಚಿಯಾಗಿತ್ತೆಂದು ಜನ ಮತ್ತೆ ಮತ್ತೆ ಹಾಕಿಸಿಕೊಂಡರು. ಕೊನೆಯ ಪಂಕ್ತಿಯಲ್ಲಿ ಕೂತ ರತ್ನಳಿಗೂ ಅತ್ತೆಗೂ ಒಂದು ಚೂರೂ ಉಳಿಯಲಿಲ್ಲ. ಅಷ್ಟರಲ್ಲಿ ನಾನು ಮಾದರಿ ತೆಗೆದಿಟ್ಟಿದ್ದೆ. ನಾಲ್ಕು ಸೀಸೆಗೆ "ಮಾದಪ್ಪ", ಒಂದಕ್ಕೆ "ಅತ್ತೆ", ಇನ್ನೊಂದಕ್ಕೆ "ನಾನು" ಎಂದು ಚೀಟಿ ಬರೆದು ಗೋಂದು ಬಳಿದು ಅಂಟಿಸಿದೆ. ನನ್ನ ಚೀಟಿಗೆ ಸ್ವಲ್ಪ ಜಾಸ್ತಿಯೇ ಗೋಂದು ಬಿತ್ತು.

ಅತ್ತೆಯ ಬಗ್ಗೆ ಎರಡು ಮಾತು ಹೇಳಬೇಕು. ಅವರು ಅಳಿಯನ ಎದುರು ನಿಂತು ಮಾತಾಡುವ ಪೈಕಿಯಲ್ಲ. ನನಗೆ ಹೇಳಬೇಕಾದ್ದನ್ನೆಲ್ಲ ಬಾಗಿಲ ಹಿಂದೆ ನಿಂತು ಬಾಗಿಲಿಗೆ ಹೇಳುವರು. "ಊಟ ತಣ್ಣಗಾಯ್ತದೆ" ಎಂದು ಬಾಗಿಲು ಹೇಳಿದರೆ ನಾನು ಎದ್ದು ಕೈ ತೊಳೆಯಬೇಕು. ಅವರ ಮೊಸರಿನ ಹೆಪ್ಪು ಅವರ ಅತ್ತೆ ಕೊಟ್ಟದ್ದು. ದಿನವೂ ಒಂದು ಚಮಚ ಉಳಿಸಿ ಮಾರನೆಯ ಹಾಲಿಗೆ ಹಾಕುತ್ತಾ ಬಂದು, ಅವರ ಕೇರಿಯ ನಾಲ್ಕೈದು ಮನೆಗೆ ಅದೇ ಹೆಪ್ಪು ಹರಡಿತ್ತು. ನನ್ನನ್ನು ಬೆಳೆಸಿದ ಅಜ್ಜಿಯೂ ಅದೇ ಕಾಲದವಳು. ಅಕ್ಕಿ ಮುಗಿಯಿತು ಎಂದರೆ ತಲೆಗೆ ಮೊಟಕಿ, "ಮುಗೀತು ಅನ್ಬಾರ್ದು ಕಣ, ಹೆಚ್ಚಿತು ಅನ್ಬೇಕು" ಎಂದು ತಿದ್ದುತ್ತಿದ್ದಳು. ಮೊಸರು ಕೆಟ್ಟಿತು ಎಂದೂ ಅನ್ನುವ ಹಾಗಿರಲಿಲ್ಲ. ಹುಳಿ ಬಂತು ಅನ್ನಬೇಕು. ಅಷ್ಟೆಲ್ಲ ಹೇಳಿಸಿಕೊಂಡು ಬೆಳೆದ ನಾನು, ಅನ್ನಬಾರದ ಮಾತನ್ನು ಅನ್ನಬಾರದ ದಿನ ಅಂದುಬಿಟ್ಟೆ.

ಸೋಮವಾರ ಸಂಜೆ ಬೇಗೂರಿನಿಂದ ಚಿಕ್ಕಪ್ಪನ ಫೋನು. "ಏನ್ಲಾ ಉಣ್ಣಕ್ಕಿಟ್ಟೆ? ಬೆಳಗಿಂದ ಬಚ್ಚಲು ಬುಟ್ಟು ಈಚೆಗೆ ಬಂದಿಲ್ಲ ಕಣ್ಲಾ." ಅದಾದ ಮೇಲೆ ಇನ್ನೂ ನಾಲ್ಕು ಮನೆಯವರದು, ಎಲ್ಲರಿಗೂ ವಾಂತಿ, ಭೇದಿ. ಚಿಕ್ಕಪ್ಪನಿಗೆ ಕಿವಿ ಮಂದ, ನಾನು ಕೂಗಿಯೇ ಹೇಳಬೇಕಾಯಿತು: "ಮೊಸರು ಕೆಟ್ಟಿತ್ತೋ ಏನೋ ಚಿಕ್ಕಪ್ಪಾ. ಹಳ್ಳಿ ಹೆಪ್ಪು, ಅದರಲ್ಲಿ ಏನೇನಿರುತ್ತೋ." ಫೋನಿಟ್ಟು ತಿರುಗಿದರೆ ಬಾಗಿಲ ಹಿಂದೆ ಸೀರೆಯ ಅಂಚು ಕಂಡಿತು. ಬೆಳಿಗ್ಗೆ ಮೊದಲ ಬಸ್ಸಿಗೆ ಅತ್ತೆ ಹೊರಟರು. ಬಾಗಿಲಿಗೂ ಒಂದು ಮಾತು ಹೇಳಲಿಲ್ಲ.

"ನಾವೂ ಅದೇ ಮೊಸರು ಉಂಡಿಲ್ವಾ? ನಮಗ್ಯಾಕೆ ಏನೂ ಆಗ್ಲಿಲ್ಲ?" ಎಂದಳು ರತ್ನ. "ಶಾಸ್ತ್ರದಲ್ಲಿ ಹಾಗೆಲ್ಲ ಹೇಳೋಕಾಗಲ್ಲ" ಎಂದೆ. ಯಾವ ಶಾಸ್ತ್ರ ಎಂದು ಅವಳು ಕೇಳಲಿಲ್ಲ, ಪುಣ್ಯ.

ಎರಡು ದಿನಕ್ಕೆ ಎಲ್ಲರ ಹೊಟ್ಟೆಯೂ ಸರಿಹೋಯಿತು. ಸರಿಹೋಗದೆ ಕೆಟ್ಟದ್ದು ಹರದನಹಳ್ಳಿಯ ವಿಷಯ. ಸುದ್ದಿ ನಮ್ಮ ನೆಂಟರ ಬಾಯಿಂದ ಅಲ್ಲಿಗೆ ಹೋಗಿ, ಅತ್ತೆಯ ಹೆಪ್ಪು ಇಸಿದುಕೊಂಡಿದ್ದ ಮನೆಯವರೆಲ್ಲ ಇದ್ದಬದ್ದ ಮೊಸರನ್ನು ತಿಪ್ಪೆಗೆ ಸುರಿದರಂತೆ. ಅದನ್ನು ಪಕ್ಕದ ಮನೆಯ ಜಯಮ್ಮನೇ ಬಂದು ಹೇಳಿದಳಂತೆ. ಅತ್ತೆ ತಮ್ಮ ಮೊಸರಿನ ಮಡಕೆಯನ್ನೂ ತೊಳೆದು ಬೋರಲು ಹಾಕಿದರಂತೆ. ಅಂದಿನಿಂದ ಅವರ ಊಟಕ್ಕೆ ಸಾರನ್ನವೇ ಕೊನೆ, ಮೊಸರನ್ನವಿಲ್ಲ. ಫೋನಿನಲ್ಲಿ ಇದನ್ನು ಕೇಳಿದ ರತ್ನ ಅಳಲಿಲ್ಲ, ಜಗಳವಾಡಲಿಲ್ಲ. ಫ್ರಿಜ್ಜಿನಿಂದ ಆರೂ ಸೀಸೆ ತೆಗೆದು ನನ್ನ ಮುಂದಿಟ್ಟು, "ತರಬೇತಿ ತಗೊಂಡೋರಲ್ವಾ, ತೋರಿಸ್ಕೊಂಡ್ ಬನ್ನಿ" ಎಂದಳು. ಆಗ ನನಗೆ ಹೊಳೆಯಿತು: ಆ ಹೆಪ್ಪು ಈಗ ಭೂಮಿಯ ಮೇಲೆ ಉಳಿದಿರುವುದು "ಅತ್ತೆ" ಎಂಬ ಈ ಸೀಸೆಯಲ್ಲಿ ಮಾತ್ರ.

ಮೈಸೂರಿನ ಒಂದು ಪ್ರಯೋಗಾಲಯದಲ್ಲಿ ನಾಗೇಂದ್ರ ಎಂಬ ನನ್ನ ಹಳೆಯ ಸಹಪಾಠಿ ಇದ್ದ. ಊರೂರಿನ ಮೊಸರಿನಲ್ಲಿ ಹೊಟ್ಟೆಗೆ ಉಪಕಾರ ಮಾಡುವ ಬ್ಯಾಕ್ಟೀರಿಯಾ ಯಾವುವು ಎಂದು ಹುಡುಕುವುದೇ ಅವನ ಕೆಲಸ. ಪಕ್ಕದ ಕೋಣೆಯಲ್ಲಿ ಆಹಾರದಲ್ಲಿರುವ ವೈರಸ್ಸು ಹಿಡಿಯುವ ಯಂತ್ರವನ್ನು ಹೊಸದಾಗಿ ತಂದಿದ್ದರು. ಮಂಜುಗಡ್ಡೆಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಬಸ್ಸು ಹಾರಿದಾಗಲೆಲ್ಲ ಅತ್ತೆಯನ್ನು ಎರಡೂ ಕೈಯಲ್ಲಿ ಅವುಚಿಕೊಂಡು ಹೋದೆ. ಕೊಟ್ಟು, "ಅರ್ಧ ಮೊಸರು ಹಾಗೇ ಉಳಿಸಿಡೋ ಮಾರಾಯ" ಎಂದು ಬೇಡಿಕೊಂಡೆ.

ನಾಗೇಂದ್ರ ನನಗೆ ಅರ್ಥವಾಗುವಂತೆ ವಿವರಿಸಿದ. "ವೈರಸ್ಸು ಊಟದಲ್ಲಿ ಬೆಳೆಯೋದಿಲ್ಲ ಕಣಯ್ಯ, ಅದು ಬರೀ ಪ್ರಯಾಣಿಕ. ಯಾರದೋ ಕೈಯಿಂದ ಹತ್ತಿ, ಇನ್ಯಾರದೋ ಹೊಟ್ಟೇಲಿ ಇಳಿಯುತ್ತೆ. ಇರೋದೂ ಎಷ್ಟೋ ಅಷ್ಟು. ಅದಕ್ಕೇ ಅದರ ವಂಶವಾಹಿ ಎಳೆ ಹಿಡಿದು ಯಂತ್ರದಲ್ಲಿ ನಕಲಿನ ಮೇಲೆ ನಕಲು ಮಾಡಿಸ್ತೀವಿ, ಕಣ್ಣಿಗೆ ಬೀಳೋ ತನಕ. ನಿಮ್ಮತ್ತೆ ಮೊಸರಲ್ಲಿರೋವು ಹಾಗಲ್ಲ, ಸಂಸಾರ ಹೂಡಿರೋವು. ಆದ್ರೆ ಎಲ್ಲವೂ ಒಳ್ಳೇವು ಅನ್ನೋಕಾಗಲ್ಲ. ಹೊಟ್ಟೆ ಹುಳಿಯಲ್ಲೂ ಪಿತ್ತರಸದಲ್ಲೂ ಮುಳುಗಿಸಿಡ್ತೀವಿ. ಅದನ್ನ ದಾಟಿ ಬದುಕಿದ್ರೆ ಮಾತ್ರ ಮುಂದಿನ ಪರೀಕ್ಷೆ." ಹೆಣ್ಣು ನೋಡಲು ಹೋದಾಗ ರತ್ನಳ ಸೋದರಮಾವಂದಿರು ನನಗೆ ಮಾಡಿದ್ದೂ ಹೆಚ್ಚುಕಮ್ಮಿ ಇದೇ.

ಮೂರು ವಾರ ಕಳೆಯಿತು. ಮನೆಗೆ ಪ್ಯಾಕೆಟ್ ಮೊಸರು ಬರುತ್ತಿತ್ತು. ರತ್ನ ಅದನ್ನು ನನ್ನ ತಟ್ಟೆಗೆ ಮಾತ್ರ ಹಾಕುತ್ತಿದ್ದಳು.

ಒಂದು ಮಧ್ಯಾಹ್ನ ಕಾಲೇಜಿನಿಂದ ಬಂದರೆ ರತ್ನ ಕ್ಯಾಲೆಂಡರಿನ ಹಾಳೆ ಹಿಡಿದು ಹೊಸಿಲ ಮೇಲೆ ಕೂತಿದ್ದಳು. "ನಾಗೇಂದ್ರಣ್ಣ ಫೋನ್ ಮಾಡಿದ್ರು. ಬರ್ಕೊಂಡಿದ್ದೀನಿ" ಎಂದು ಓದತೊಡಗಿದಳು. "ಅತ್ತೆ: ಕೆಟ್ಟದ್ದು ಇಲ್ಲ, ಒಳ್ಳೇದು ಇದೆ. ಹುಳೀಲೂ ಪಿತ್ತದಲ್ಲೂ ಬದುಕಿದೆ. ಮಾದಪ್ಪ: ನಾಲ್ಕರಲ್ಲೂ ಕೆಟ್ಟದ್ದು ಇಲ್ಲ. ನಾನು: ಕೆಟ್ಟದ್ದು ಇದೆ." ಹಾಳೆ ಕೆಳಗಿಟ್ಟಳು. "ಈ 'ನಾನು' ಯಾರ್ರೀ?"

ನಾನು ಚಪ್ಪಲಿ ಬಿಡುತ್ತಿದ್ದೆ. ಬಿಡುತ್ತಲೇ ಇದ್ದೆ.

"ಇನ್ನೂ ಒಂದು ಕೇಳಿದ್ರು. ಸೌತೆಕಾಯಿ ಹೆಚ್ಚಿದವರಿಗೆ ಅದಕ್ಕೂ ಮುಂಚೆ ವಾಂತಿ ಆಗಿತ್ತಾ ಅಂತ. ಪಿತ್ತ ಕೆರಳಿತ್ತು ಅಂದೆ. ಬಹಳ ಹೊತ್ತು ನಕ್ಕರು."

ನಿಜ ಹೇಳುತ್ತೇನೆ, ನನಗೆ ಅವಮಾನವಾಗಬೇಕಿತ್ತು, ಆಗಿದ್ದು ಸಮಾಧಾನ. ಮೂರು ವಾರದಿಂದ ಎದೆಯ ಮೇಲೆ ಬೋರಲು ಬಿದ್ದಿದ್ದ ಮಡಕೆಯನ್ನು ಯಾರೋ ಎತ್ತಿಟ್ಟಂತಾಯಿತು. ಅವತ್ತೇ ಬೇಗೂರಿಗೆ ಫೋನು ಮಾಡಿ ತಪ್ಪೊಪ್ಪಿಕೊಂಡೆ. "ಓಗ್ಲಿ ಬುಡು, ಕೋಸಂಬ್ರಿ ಚೆನ್ನಾಗಿತ್ತು" ಎಂದರು ಚಿಕ್ಕಪ್ಪ. ಶನಿವಾರ ನಾಗೇಂದ್ರನಿಂದ ಉಳಿದರ್ಧ ಮೊಸರಿನ ಸೀಸೆಯನ್ನೂ, ಕುದಿಸಿ ತೊಳೆದ ಖಾಲಿ ಸೀಸೆಗಳನ್ನೂ ತಂದು, ಭಾನುವಾರ ರತ್ನಳ ಜೊತೆ ಹರದನಹಳ್ಳಿಗೆ ಹೋದೆ.

ಹಜಾರದಲ್ಲಿ ಕೂತೆ. ಬಾಗಿಲ ಹಿಂದೆ ಬಳೆ ಸದ್ದಾಯಿತು. ಬಂದು ನಿಂತ ಜಯಮ್ಮನಿಗೂ ಕೇಳಲಿ ಎಂದು ಗಟ್ಟಿಯಾಗಿ ಬಾಗಿಲಿಗೆ ಹೇಳಿದೆ: "ಕಾಯಿಲೆ ಬಂದದ್ದು ಮೊಸರಿಂದಲ್ಲ, ನನ್ನ ಕೈಯಿಂದ. ಮೈಸೂರಲ್ಲಿ ನೋಡಿ ಹೇಳಿದ್ದಾರೆ. ಅತ್ತೆ ಹೆಪ್ಪಿನಲ್ಲಿ ಒಳ್ಳೇದೇ ಇರೋದಂತೆ." ಸೀಸೆಯನ್ನು ಹೊಸಿಲ ಮೇಲಿಟ್ಟೆ. ಆಗ ಅತ್ತೆ ಈಚೆ ಬಂದರು. ಮದುವೆಯಾಗಿ ಹದಿನೈದು ವರ್ಷಕ್ಕೆ ಮೊದಲ ಸಲ ನನ್ನ ಮುಖ ನೋಡಿ ಮಾತಾಡಿದರು.

"ಅಳಿಯಂದ್ರೇ, ಇದ ಮುಟ್ಟಕ್ ಮುಂಚೆ ಕೈ ತೊಳ್ಕಂಡಿದ್ರಾ?"

"ಸೋಪು ಹಾಕಿ ಎರಡು ಸಲ ತೊಳೆದೆ" ಎಂದೆ.

"ಅಂಗಾದ್ರೆ ಸರಿ" ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದರು. ಒಳಗಿಂದ ಅಮ್ಮ ಮಗಳ ನಗು ಕೇಳಿಸಿತು. ಅದು ನಿಲ್ಲಲು ಬಹಳ ಹೊತ್ತು ಹಿಡಿಯಿತು.

ಸಂಜೆ ಹಾಲು ಕಾಯಿಸಿ, ಉಗುರುಬೆಚ್ಚಗಾದ ಮೇಲೆ ಆ ಮೊಸರು ಹಾಕಿ ಮಡಕೆ ಮುಚ್ಚಿಟ್ಟರು. ಮೂರು ವಾರ ತಣ್ಣಗೆ ಕೂತ ಹೆಪ್ಪು. ಹಿಡಿಯುತ್ತದೆ ಎಂಬ ಧೈರ್ಯ ನನಗಿರಲಿಲ್ಲ, ರಾತ್ರಿ ಎದ್ದು ನೋಡುತ್ತೇನೆಂದರೆ ರತ್ನ ಬಿಡಲಿಲ್ಲ. ಬೆಳಿಗ್ಗೆ ಅತ್ತೆ ಮಡಕೆಯನ್ನು ವಾರೆ ಮಾಡಿದರು. ಮೊಸರು ಅಲುಗಲಿಲ್ಲ. ಜಯಮ್ಮ ಬಟ್ಟಲು ಸೆರಗಿನೊಳಗೆ ಇಟ್ಟುಕೊಂಡು ಬಂದು, "ಅಕ್ಕಾ, ಒಂದು ಚಮ್ಚ ಹೆಪ್ಪಿದ್ರೆ…" ಎಂದಳು. "ತಿಪ್ಪೇಲಿ ಹುಡುಕ್ದ್ಯಾ? ಅಲ್ಲೂ ಹೆಪ್ಪು ಹಿಡ್ದಿರಬೇಕಲ್ವಾ ಈವತ್ಗೆ" ಎನ್ನುತ್ತಲೇ ಅತ್ತೆ ಎರಡು ಚಮಚ ಹಾಕಿದರು.

ಈಗ ನಮ್ಮ ಮನೆಯಲ್ಲಿ ಹತ್ತು ಜನ ಸೇರಿದರೆ ನನಗಿರುವ ಕೆಲಸ ಎಲೆ ಹಾಕುವುದು, ಅದೂ ತೊಳೆದ ಕೈ ತೋರಿಸಿದ ಮೇಲೆ. ಸೀಸೆಗಳು ಅಡುಗೆಮನೆ ಸೇರಿವೆ. ಅತ್ತೆಯ ಚೀಟಿ ನೀರು ತಾಗಿದ ಕೂಡಲೇ ಬಿಚ್ಚಿಕೊಂಡು ಬಂತು, ಮಾದಪ್ಪನವು ಮೈಸೂರಿನಲ್ಲಿ ಕುದಿಸಿದಾಗಲೇ ಬಂದಿದ್ದವು. ನನ್ನದರಲ್ಲಿ ರತ್ನ ಈಗ ಪಾತ್ರೆ ತೊಳೆಯುವ ಪುಡಿ ಇಟ್ಟಿದ್ದಾಳೆ. ನಾನೂ ಬಿಸಿನೀರಿನಲ್ಲಿ ನೆನೆಸಿದೆ, ತೆಂಗಿನ ನಾರಿನಲ್ಲಿ ಉಜ್ಜಿದೆ. "ನಾನು" ಅನ್ನುವುದು ಮಾತ್ರ ಇನ್ನೂ ಹೋಗಿಲ್ಲ.