ದೊಡ್ಡಮ್ಮನ ವೈನ್ ಕುಡಿದ ಬಕೆಟ್ಟಿಗೆ

ಮಾನ್ಯ ಬಕೆಟ್ಟಿನವರೇ,

ವೈನ್ ಸ್ಪರ್ಧೆಯಲ್ಲಿ ತೀರ್ಪುಗಾರರ ಕಾಲ ಬಳಿ ಹೊಳೆಯುತ್ತ ಕುಳಿತು, ಅವರು ರುಚಿ ನೋಡಿ ಉಗಿದದ್ದನ್ನೆಲ್ಲ ಮುಖ ಕಿವುಚದೆ ಸ್ವೀಕರಿಸುವ ತಮಗೆ ನಮ್ಮ ಮನೆಯವರೆಲ್ಲರ ಸಾದರ ವಂದನೆಗಳು. ಉತ್ತಮೋತ್ತಮ ವೈನುಗಳನ್ನು ತಮ್ಮಷ್ಟು ಹೊಟ್ಟೆತುಂಬ ಕುಡಿದವರು ಇನ್ನೊಬ್ಬರಿಲ್ಲ. ಆದರೂ ತಾವು ತೂರಾಡಿದ್ದನ್ನು ಕಂಡವರಿಲ್ಲ.

ನಮ್ಮ ದೊಡ್ಡಮ್ಮ ತಾರಸಿಯಲ್ಲಿ ಚಾಪೆ ಹಾಸಿ ದ್ರಾಕ್ಷಿ ಒಣಗಿಸಿ, ಮೋಡ ಕಂಡರೆ ಒಳಗೂ ಬಿಸಿಲು ಕಂಡರೆ ಹೊರಗೂ ಹೊತ್ತು, ಕೊಳೆತ ಒಂದೊಂದು ಹಣ್ಣನ್ನೂ ಬೈದು ಬಿಸಾಡಿ, ಸುಕ್ಕುಗಟ್ಟಿದ್ದನ್ನು ಹಿಂಡಿ ಸಿಹಿ ವೈನ್ ಮಾಡುವವರು. ನಾಲಿಗೆಗೆ ಮೊದಲು ಒಣ ಅಂಜೂರ, ಆಮೇಲೆ ಕಿತ್ತಳೆ ಸಿಪ್ಪೆ, ಕೊನೆಗೆ ಸುಟ್ಟ ಸಕ್ಕರೆಯ ಚೂರೇ ಚೂರು ಕಹಿ. ಈಗ ಮೊಣಕಾಲು ಕೇಳುತ್ತಿಲ್ಲವೆಂದು, ತಿಳಿದವರು ಮೆಚ್ಚಿದರೆ ಮಾಡುತ್ತೇನೆ, ಇಲ್ಲದಿದ್ದರೆ ಇದೇ ಕೊನೆ ಎಂದು ಹಟ ಹಿಡಿದು ಸ್ಪರ್ಧೆಗೆ ಬಂದಿದ್ದರು.

ತೀರ್ಪುಗಾರರು ಗ್ಲಾಸು ತಿರುಗಿಸಿದರು, ಮೂಸಿದರು, ಕಣ್ಣು ಮುಚ್ಚಿ ಬಾಯಿ ಮುಕ್ಕಳಿಸಿದರು, ತಾವಿದ್ದ ಕಡೆ ಬಾಗಿ ಪಿಚಕ್ಕೆಂದು ಉಗಿದರು. ದೊಡ್ಡಮ್ಮ ಅಲ್ಲಿಂದ ಎದ್ದೇಬಿಟ್ಟರು. ಎಲ್ಲರದನ್ನೂ ಹಾಗೆಯೇ ಉಗಿಯುತ್ತಾರೆ, ಅದು ಪದ್ಧತಿ ಎಂದು ದಾರಿಯುದ್ದಕ್ಕೂ ನಾನು ಗಂಟಲು ಹರಿದುಕೊಂಡದ್ದೇ ಬಂತು. "ಬಾಯಿಗೆ ಹಾಕಿದ್ದನ್ನ ಉಗಿದ್ರಲ್ಲೋ, ಇನ್ನೇನ್ ಕೇಳೋದಿದೆ" ಎಂದರು. ಮೊದಲ ಬಹುಮಾನ ಬಂದ ಸುದ್ದಿಗೂ, "ಆ ಬಕೆಟ್ಟಿಗೇ ಕೊಡ್ಲಿ, ಕುಡಿದಿದ್ದು ಅದೇ ತಾನೆ" ಎಂದರು. ಮಾರುಕಟ್ಟೆಗೆ ದ್ರಾಕ್ಷಿ ಬಂದರೂ ಅಟ್ಟ ಸೇರಿದ್ದ ಚಾಪೆ ಕೆಳಗಿಳಿಯಲಿಲ್ಲ.

ಆದಕಾರಣ, ಕುಡಿದವರು ತಾವೇ ಆದ್ದರಿಂದ ರುಚಿಯ ಬಗ್ಗೆ ನಾಲ್ಕು ಸಾಲು ಬರೆದುಕೊಡಬೇಕೆಂದೂ, ಅದಾಗದಿದ್ದರೆ ಮುಂದಿನ ಸಲ ದೊಡ್ಡಮ್ಮನ ಸರದಿ ಬಂದಾಗ ಏನಾದರೂ ನೆಪ ಹೇಳಿ ಹೊರಗೆ ಹೋಗಿ ಬರಬೇಕೆಂದೂ ಕೋರಲು ಈ ಪತ್ರ ಆರಂಭಿಸಿದ್ದೆ.

ಅಷ್ಟರಲ್ಲಿ ತೀರ್ಪುಗಾರರೇ ಬಹುಮಾನ ಹಿಡಿದು ಮನೆಗೆ ಬಂದರು. ದೊಡ್ಡಮ್ಮ ಗ್ಲಾಸು ತುಂಬಿಸಿಕೊಟ್ಟು, ಎದುರು ಕುಳಿತು ಅವರ ಗಂಟಲನ್ನೇ ನೋಡತೊಡಗಿದರು. ಅವರು ಬಾಯಲ್ಲಿ ವೈನ್ ಇಟ್ಟುಕೊಂಡು, ಅಭ್ಯಾಸದಂತೆ ಅಕ್ಕಪಕ್ಕ ಕಣ್ಣಾಡಿಸಿ ಬಕೆಟ್ ಹುಡುಕಿದರು. ಸಿಗಲಿಲ್ಲ. ನುಂಗಿದರು. "ಅಮ್ಮಾ, ಇನ್ನೊಂಚೂರು ಇದ್ಯಾ?" ಎಂದು ಗ್ಲಾಸು ಚಾಚಿದರು.

ದೊಡ್ಡಮ್ಮ ಬಾಟಲಿ ತರಲು ಎದ್ದವರು ನನ್ನ ಕಡೆ ತಿರುಗಿ, "ಏನ್ ನೋಡ್ತಾ ನಿಂತಿದೀಯ, ಚಾಪೆ ಇಳಿಸು" ಎಂದರು.

ತಮ್ಮ ವಿಶ್ವಾಸಿ,
ಬಿಸಿಲಿನ ಹಿಂದೆ ಚಾಪೆ ಹೊತ್ತು ತಿರುಗುತ್ತಿರುವ ಮನೆಯ ಹುಡುಗ

ತಾ.ಕ.: ತೀರ್ಪುಗಾರರು ಆ ಬಾಟಲಿಯನ್ನು ಪೂರ್ತಿ ಮುಗಿಸಿ, ನಮ್ಮ ಬಚ್ಚಲುಮನೆಯ ಬಕೆಟ್ಟನ್ನು ಸ್ಪರ್ಧೆಯ ಬಕೆಟ್ಟಾದ ತಾವೆಂದೇ ತಿಳಿದು, ಅದರ ಪಕ್ಕ ಕುಳಿತು ಬಹಳ ಹೊತ್ತು ಕ್ಷೇಮಸಮಾಚಾರ ವಿಚಾರಿಸಿದರು. ತಮ್ಮನ್ನು ಸ್ಪರ್ಧೆಯಲ್ಲಿ ಏಕೆ ಇಟ್ಟಿದ್ದಾರೆಂದು ನಮಗೀಗ ಅರ್ಥವಾಗಿದೆ. ದಯವಿಟ್ಟು ರಾಜೀನಾಮೆ ಕೊಡಬೇಡಿ.